ಎಲುಬು ತೊಳೆಯುವ ಶನಿವಾರ

ಗಂಡನ ಎಲುಬು ತೊಳೆಯಲು ಕೆಂಪು ದ್ರಾಕ್ಷಾರಸ ಒಯ್ಯಬೇಕೋ ಬಿಳಿಯದೋ ಎಂಬುದನ್ನು ಲೆಮೊನಿಯಾ ಯಾರನ್ನೂ ಕೇಳುವಂತಿರಲಿಲ್ಲ. ಈ ವಯಸ್ಸಿನ ಹೆಂಗಸಿಗೆ ಅಷ್ಟು ತಿಳಿದಿರಬೇಕು. ಕೇಳಿದರೆ, ಅತ್ತೆಯ ಎಲುಬು ತೊಳೆದ ದಿನ ನಿನ್ನ ಕಣ್ಣು ಎಲ್ಲಿತ್ತೇ ಎಂದು ಯಾರಾದರೂ ನಕ್ಕಾರು. ಕಣ್ಣು ಇದ್ದದ್ದು ಕಪ್ಪು ತಲೆವಸ್ತ್ರದ ಅಂಚಿನೊಳಗೆ, ಊದಿಕೊಂಡು, ಅರ್ಧ ಮುಚ್ಚಿಕೊಂಡು. ಅಂದು ಅವಳು ಎಲ್ಲರ ಹಿಂದೆ, ಗೋಡೆಗೆ ಮುಖ ಮಾಡಿ ನಿಂತಿದ್ದಳು. ಸೊಸೆಗೆ ಎಷ್ಟೊಂದು ದುಃಖವೆಂದು ಹೆಂಗಸರು ಮೆಚ್ಚಿಕೊಂಡಿದ್ದರು. ಮನೆಯಲ್ಲಿ ಎರಡು ಬಗೆಯದೂ ಇತ್ತು. ಸೀಸೆಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದಳು. ಬಿಳಿಯದರಲ್ಲಿ ಕೊಳೆ ಬೇಗ ಕಾಣುತ್ತದೆ, ಕೆಂಪಿನಲ್ಲಿ ಕಾಣುವುದಿಲ್ಲ. ಕೆಂಪು ಒಯ್ದರೆ ಮುಚ್ಚಿಡಬೇಕಾದ್ದು ಏನೋ ಇದೆ ಎಂದಾರು. ಬಿಳಿಯದು ಒಯ್ದರೆ ಗಂಡನಿಗೆ ಒಳ್ಳೆಯದನ್ನು ಎತ್ತಿಡುವಷ್ಟೂ ಮನಸ್ಸಿರಲಿಲ್ಲ ಎಂದಾರು. ಎರಡನ್ನೂ ಚೀಲದಲ್ಲಿಟ್ಟಳು. ಎರಡು ಸೀಸೆ ಕಂಡರೆ, ಹೆಚ್ಚು ಕೊಳೆ ಇದ್ದೀತೆಂದು ಮೊದಲೇ ಲೆಕ್ಕ ಹಾಕಿಕೊಂಡು ಬಂದಿದ್ದಾಳೆ ಎಂದಾರಲ್ಲವೇ ಎಂದು ಒಂದನ್ನು ತೆಗೆದಳು. ತೆಗೆದದ್ದು ಯಾವುದು, ಉಳಿದದ್ದು ಯಾವುದು ಎಂದು ನೋಡಿಕೊಳ್ಳುವಷ್ಟರಲ್ಲಿ ಅವಳ ಕಂಕುಳು ಬೆವತಿತ್ತು.

ಮಣ್ಣಿಗಿಟ್ಟವರನ್ನು ಮೂರು ವರ್ಷಕ್ಕೆ ಎತ್ತಬೇಕು. ಚರ್ಚಿನ ಹಿಂದಿನ ಇಳಿಜಾರಿನಲ್ಲಿ ಸ್ಮಶಾನಕ್ಕೆ ಇರುವುದು ಒಂದು ಅಂಗಳದಷ್ಟು ಜಾಗ. ಮುಂದೆ ಬರುವವರಿಗೆ ಹಿಂದಿನವರು ಎಡೆ ಬಿಡಬೇಕು. ಎಲುಬುಗಳನ್ನು ದ್ರಾಕ್ಷಾರಸದಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ತಗಡಿನ ಪೆಟ್ಟಿಗೆಯಲ್ಲಿ ತುಂಬಿ ಎಲುಬುಮನೆಯ ಅಟ್ಟಣೆಯ ಮೇಲಿಟ್ಟರೆ ಸತ್ತವನ ಕೆಲಸ ಮುಗಿಯಿತು. ಇಷ್ಟೇ ಆಗಿದ್ದರೆ ಅವಳಿಗೆ ಭಯವಿರಲಿಲ್ಲ. ಆದರೆ ಎಲುಬು ಸಾಕ್ಷಿ ಹೇಳುತ್ತದೆ. ಮಾಂಸವೆಲ್ಲ ಕರಗಿ, ಮೇಣದ ಬಣ್ಣದಲ್ಲಿ ಬಂದರೆ ಸತ್ತವನು ಒಳ್ಳೆಯವನು, ದೇವರು ಕ್ಷಮಿಸಿದ್ದಾನೆ. ಕಪ್ಪಗೆ ಬಂದರೆ, ಅಥವಾ ಕರಗದೆಯೇ ಬಂದರೆ, ಅವನ ಮೇಲೆ ಪಾಪವಿದೆ, ಇಲ್ಲವೇ ಯಾರದೋ ಶಾಪವಿದೆ. ಅವಳ ಗಂಡ ಸ್ತೆರ್ಗಿಯೋಸನ ಮೇಲೆ ಯಾರ ಶಾಪವಿದೆಯೆಂದು ಊರಿಗೆ ಗೊತ್ತಿತ್ತು. ‘ಮಣ್ಣೂ ನಿನ್ನನ್ನ ತಿನ್ನದಿರಲಿ’ ಎಂದು ಅವಳು ಎಲ್ಲರಿಗೂ ಕೇಳುವಂತೆ ಅಂಗಳದ ನಡುವೆ ನಿಂತು ಕೂಗಿದ್ದಳು. ಗೋಡೆಯಾಚೆ ನೆರೆಮನೆಯ ಥೆಯಾನೋ ಒಣಗಿದ ಬಟ್ಟೆ ತೆಗೆಯುತ್ತಿದ್ದಳು.

ಲೆಮೊನಿಯಾಳ ಅಪ್ಪ ಸತ್ತ ಸುದ್ದಿ ಬಂದ ದಿನ ಅದು. ತವರು ಎರಡು ಗುಡ್ಡದಾಚೆ. ‘ಹೋಗಿ ಅಣ್ಣಂದಿರ ಮುಂದೆ ಬಾಯಿ ಬಿಡ್ತೀಯಾ’ ಎಂದು ಸ್ತೆರ್ಗಿಯೋಸ್ ಅವಳ ಜೋಡನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡು, ಹೇಸರಗತ್ತೆಗಳ ಜೀನು ಹೊಲಿಯುವ ತನ್ನ ಅಂಗಡಿಗೆ ಹೋದ. ಬಾಗಿಲಿಗೆ ಬೀಗ ಹಾಕಿರಲಿಲ್ಲ. ಬೇಕಿರಲಿಲ್ಲ. ಬರಿಗಾಲಿನಲ್ಲಿ ಊರ ನಡುಬೀದಿ ದಾಟಿ, ಕಾಫಿ ಅಂಗಡಿಯ ಗಂಡಸರ ಮುಂದೆ ನಡೆದುಹೋಗುವ ಹೆಂಗಸು ಅವಳಲ್ಲವೆಂದು ಅವನಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಹೊಸಿಲಲ್ಲಿ ನಿಂತು ತನ್ನ ಹೆಬ್ಬೆರಳುಗಳನ್ನು ನೋಡಿಕೊಂಡಿದ್ದಳು. ಅಪ್ಪನನ್ನು ಮಣ್ಣುಮಾಡುವ ಹೊತ್ತು ಕಳೆಯುವವರೆಗೂ ನೋಡಿಕೊಂಡಿದ್ದಳು. ಸಂಜೆ ಅವನು ಅಂಗಳಕ್ಕೆ ಕಾಲಿಟ್ಟಾಗ ಬಾಯಿಗೆ ಬಂದದ್ದು ಆ ಒಂದೇ ಮಾತು. ಊರು ಕೇಳಿಸಿಕೊಂಡದ್ದೂ ಅದೊಂದನ್ನೇ. ಅದಕ್ಕೆ ಮೊದಲಿನದು, ಆಮೇಲಿನದು, ಮುಚ್ಚಿದ ಕಿಟಕಿಗಳ ಒಳಗಿನದು ಯಾವುದೂ ಗೋಡೆ ದಾಟದಂತೆ ಅವಳೇ ತಲೆವಸ್ತ್ರದ ಅಂಚನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದಳು. ಹೊಡೆಯುವವನು ಅವನು, ಸದ್ದಾಗದಂತೆ ನೋಡಿಕೊಳ್ಳುವ ಹೊಣೆ ಅವಳದು. ಹಾಗೆಂದು ಯಾರೂ ಗೊತ್ತುಮಾಡಿರಲಿಲ್ಲ.

ಹೀಗಾಗಿ ಮೂರು ವರ್ಷ ತುಂಬಿದಾಗ ಅವಳಿಗೆ ಸೊಂಟ ಹಿಡಿಯಿತು. ನಾಲ್ಕು ತುಂಬಿದಾಗ ಚಳಿ ಹೆಚ್ಚಾಗಿತ್ತು. ಈ ಸಲ ನೆಪ ಉಳಿದಿರಲಿಲ್ಲ. ಪ್ರತಿ ಶನಿವಾರ ತಪ್ಪದೆ ಸಮಾಧಿಗೆ ಹೋಗಿ ದೀಪಕ್ಕೆ ಎಣ್ಣೆ ಹಾಕಿ, ಮಂಡಿಯೂರಿ, ತುಟಿ ಅಲುಗಿಸುತ್ತ ಕೂರುತ್ತಿದ್ದಳು. ಎಂಥ ಹೆಂಡತಿ ಎಂದು ಹೆಂಗಸರು ಹೇಳಿಕೊಂಡರು. ಅವಳು ಅಲ್ಲಿ ಬೇಡಿಕೊಳ್ಳುತ್ತಿದ್ದದ್ದು ಒಂದೇ: ಕೊಳೆತು ಹೋಗು, ಸ್ತೆರ್ಗಿಯೋಸ್, ನಿನ್ನ ದಮ್ಮಯ್ಯ, ಪೂರ್ತಿ ಕೊಳೆತು ಹೋಗು. ಒಮ್ಮೆ ಬಸ್ಸು ಹತ್ತಿ, ಗುರುತಿನವರಿಲ್ಲದ ದೂರದ ಊರಿಗೆ ಹೋಗಿ, ಅಲ್ಲಿನ ಪಾದ್ರಿಯ ಮುಂದೆ ಬೇರೆ ಹೆಸರು ಹೇಳಿ, ಶಾಪ ಬಿಡಿಸುವ ಪ್ರಾರ್ಥನೆ ಓದಿಸಿದ್ದಳು. ಯಾರನ್ನು ಶಪಿಸಿದೆ ತಾಯಿ ಎಂದು ಆತ ಕೇಳಿದಾಗ ಬಾಯಿಗೆ ಬಂದದ್ದು, ‘ಆಡು ಕದ್ದವನನ್ನ ಸ್ವಾಮಿ’. ಒಂದು ಆಡಿಗೆ ಇಷ್ಟು ದೂರ ಬಂದಳಲ್ಲ ಎಂದು ಆತ ಕನ್ನಡಕದ ಮೇಲಿಂದ ನೋಡಿದ್ದ. ಹಿಂದಿರುಗುವಾಗ ಬಸ್ಸಿನ ತುಂಬ ಅವಳಿಗೆ ಒಂದೇ ಯೋಚನೆ. ಆಡಿನ ಕಳ್ಳನ ಹೆಸರಿನಲ್ಲಿ ಓದಿದ ಪ್ರಾರ್ಥನೆ ಗಂಡನಿಗೆ ತಲುಪುತ್ತದೆಯೇ?

“ಲೆಮೊನಿಯಾ, ಎದ್ದಿದ್ದೀಯೇನೇ?” ಥೆಯಾನೋ ಅಂಗಳದಲ್ಲಿ ನಿಂತಿದ್ದಳು. ಕಪ್ಪು ಉಡುಪು, ಕಪ್ಪು ಕಾಲುಚೀಲ, ಕೈಯಲ್ಲಿ ಒಂದು ಕಟ್ಟು ತುಳಸಿ. “ಪಾದ್ರಿಗಳು ಆಗಲೇ ಹೋದ್ರು. ಮಂಡಿ ನೋವು ಅವ್ರಿಗೆ, ತುಂಬ ಹೊತ್ತು ನಿಲ್ಲಿಸಬಾರ್ದು.”

“ಬಂದೆ ಅಕ್ಕ.”

“ಮಗಳು ಎಲ್ಲಿ?”

“ಜ್ವರ ಅಂತೆ ಅಕ್ಕ. ಮಕ್ಕಳಿಗೂ ಬಂದಿದೆಯಂತೆ.”

“ಹೂಂ, ವೊಲೋಸ್ ಪಟ್ಟಣದಲ್ಲಲ್ವಾ ಇರೋದು, ಸಮುದ್ರದ ಗಾಳಿ,” ಎಂದಳು ಥೆಯಾನೋ. “ವರ್ಷಾಂತಿಕಕ್ಕೂ ಜ್ವರ ಬಂದಿತ್ತು ಪಾಪ. ಅಪ್ಪನ ಕೆಲಸ ಇದ್ದಾಗೆಲ್ಲ ಬರುತ್ತೆ ಅದು.”

ಊರಿಗೆಲ್ಲ ಇದ್ದ ಒಂದೇ ಟೆಲಿಫೋನು ಕಾಫಿ ಅಂಗಡಿಯ ಗಲ್ಲಾದ ಪಕ್ಕದಲ್ಲಿತ್ತು. ಕಳೆದ ವಾರ ಮಗಳು ಅಲ್ಲಿಗೆ ಕರೆ ಮಾಡಿದ್ದಳು. ಲೆಮೊನಿಯಾ ರಿಸೀವರ್ ಎತ್ತಿದೊಡನೆ ಇಸ್ಪೀಟು ಆಡುತ್ತಿದ್ದವರು ಎಲೆ ಇಳಿಸುವುದನ್ನು ನಿಲ್ಲಿಸಿದ್ದರು. ‘ನಾನು ಬರಲ್ಲ ಅಮ್ಮ. ನೀನು ಬೇಕಾದ್ರೆ ಹೋಗು. ಹೋಗಿ ಆ ಬುರುಡೆಗೆ ಮುತ್ತಿಡು, ಎಲ್ಲಾರೂ ನೋಡ್ಲಿ’ ಎಂದಿದ್ದಳು ಮಗಳು. ‘ಅಯ್ಯೋ ಹೌದಾ ಪುಟ್ಟಾ, ಬಿಸಿನೀರು ಕುಡಿ, ಬೆಚ್ಚಗೆ ಮಲಗು’ ಎಂದು ಲೆಮೊನಿಯಾ ಉತ್ತರಿಸಿದ್ದಳು. ಮಗಳ ದನಿ ಇಳಿಯಿತು. ‘ಅಲ್ಲಿ ಯಾರಿದ್ದಾರೆ?’ ‘ಎಲ್ಲಾ ಆರೋಗ್ಯ ಪುಟ್ಟಾ, ಎಲ್ಲಾರೂ ನಿನ್ನ ಕೇಳಿದ್ರು.’ ಫೋನು ಇಟ್ಟ ಸದ್ದು ಕೇಳಿದ ಮೇಲೂ ಅವಳು ಇನ್ನೆರಡು ಮಾತಾಡಿ, ನಕ್ಕು, ಆಮೇಲೆ ಇಟ್ಟಿದ್ದಳು.

ಬೀದಿಯಲ್ಲಿ ಥೆಯಾನೋ ಅವಳ ತೋಳು ಹಿಡಿದೇ ನಡೆದಳು. ಆಸರೆಗೆ ಹಿಡಿದಂತಿತ್ತು, ತಪ್ಪಿಸಿಕೊಳ್ಳದಿರಲೆಂದು ಹಿಡಿದಂತೆಯೂ ಇತ್ತು. ಕಾಫಿ ಅಂಗಡಿಯ ಮುಂದೆ ಗಂಡಸರು ಎದ್ದು ಟೋಪಿ ತೆಗೆದರು. “ದೇವರು ಅವನಿಗೆ ನೆಮ್ಮದಿ ಕೊಡಲಿ. ಎಂಥ ಕಂಠ ಅದು,” ಎಂದನೊಬ್ಬ. “ಅವನು ಹೋದ ಮೇಲೆ ಶುಭ ಶುಕ್ರವಾರದ ಸ್ತೋತ್ರ ಕೇಳೋಕೇ ಮನಸ್ಸಿಲ್ಲ.” ಲೆಮೊನಿಯಾ ತಲೆ ತಗ್ಗಿಸಿದಳು. ಎಷ್ಟು ತಗ್ಗಿಸಬೇಕೆಂಬ ಲೆಕ್ಕ ಅವಳ ಕುತ್ತಿಗೆಗೆ ತಾನಾಗಿ ಗೊತ್ತಿತ್ತು. ಹೆಚ್ಚು ತಗ್ಗಿಸಿದರೆ ತಪ್ಪಿತಸ್ಥೆ, ಕಡಿಮೆಯಾದರೆ ಕಲ್ಲೆದೆಯವಳು. ತಾನು ಬದುಕಿದ್ದು ಇಷ್ಟೇ ಏನೋ ಎಂದು ಅವಳಿಗೆ ತಟ್ಟನೆ ಅನಿಸಿತು, ಕುತ್ತಿಗೆಯ ಈ ಲೆಕ್ಕದಲ್ಲಿ. ಆದರೆ ಇನ್ನೊಂದು ಗಂಟೆಯಲ್ಲಿ ಅದೂ ಉಳಿಯದೆ ಹೋಗಬಹುದು. ಕಪ್ಪಗೆ ಬಂದರೆ ಈ ಬೀದಿಯಲ್ಲಿ ಹಿಂದಿರುಗುವುದು ಹೇಗೆ? ಅಂಗಡಿಯಲ್ಲಿ ಅವಳಿಗೆ ತೂಗಿಕೊಡುವವರು ಯಾರು? ಮೊಮ್ಮಕ್ಕಳನ್ನು ಯಾವ ಮನೆ ಸೇರಿಸೀತು? ಅಜ್ಜನನ್ನು ಮಣ್ಣು ತಿನ್ನದಂತೆ ಮಾಡಿದವಳ ಮೊಮ್ಮಕ್ಕಳು.

ಸ್ಮಶಾನದಲ್ಲಿ ಬೆಳಗಿನ ಬಿಸಿಲಾಗಲೇ ಚುರುಕಾಗಿತ್ತು. ಆರೆಂಟು ಹೆಂಗಸರು ಬಂದಿದ್ದರು. ಪಾದ್ರಿ ಒಂದು ಸಮಾಧಿಯ ಅಂಚಿನ ಮೇಲೆ ಕುಳಿತು ಮಂಡಿ ನೀವಿಕೊಳ್ಳುತ್ತಿದ್ದರು. ಸ್ತೆರ್ಗಿಯೋಸನ ತಂಗಿ ಅಸಿಮಿನಾ ಒಂದು ದೊಡ್ಡ ಬುಟ್ಟಿಯನ್ನು ನೆರಳಿಗೆ ಇಟ್ಟಿದ್ದಳು; ಎಲುಬು ತೊಳೆದು ಪ್ರಾರ್ಥನೆ ಮುಗಿದ ಮೇಲೆ ಬಂದವರಿಗೆ ಹಂಚಲು ರೊಟ್ಟಿ, ಚೀಸು, ಆಲಿವ್ ಕಾಯಿ, ಬ್ರಾಂದಿ. ಅಲ್ಲಿಯವರೆಗೆ ಯಾರೂ ಬಾಯಿಗೆ ನೀರೂ ಹಾಕುವುದಿಲ್ಲ. “ಬನ್ನಿ ಅತ್ತಿಗೆ,” ಎಂದಳು ಅಸಿಮಿನಾ. “ಅಂತೂ ಅಣ್ಣನಿಗೆ ಬಿಸಿಲು ತೋರಿಸೋಕೆ ಮನಸ್ಸು ಬಂತಲ್ಲ.” ನಗುತ್ತಲೇ ಅಂದಳು.

ಸ್ಮಶಾನದ ಕೆಲಸದ ಝೀಸಿಸ್ ಗುದ್ದಲಿ ಹಾಕಿದ. ಮೇಲಿನ ಮಣ್ಣು ಒಣಗಿತ್ತು, ಸಡಿಲವಾಗಿತ್ತು. ಮೊಣಕಾಲುದ್ದ ಇಳಿದ ಮೇಲೆ ಬಣ್ಣ ಬದಲಾಯಿತು. ಅವನು ಒಂದು ಹೆಂಟೆಯನ್ನು ಬೆರಳಲ್ಲಿ ಹಿಸುಕಿ ನೋಡಿದ.

“ತೇವ ಇದೆ.”

“ತೇವ ಇದ್ರೆ ಏನು?” ಎಂದಳು ಒಬ್ಬಳು.

“ಏನಿಲ್ಲ. ತೇವದಲ್ಲಿ ನಿಧಾನ ಆಗುತ್ತೆ.”

ಯಾರೂ ಲೆಮೊನಿಯಾಳ ಕಡೆ ನೋಡಲಿಲ್ಲ. ಎಲ್ಲರೂ ಒಟ್ಟಿಗೆ ನೋಡದೆ ಇದ್ದದ್ದು ಅವಳ ಚರ್ಮಕ್ಕೆ ತಾಗಿತು. ಅಸಿಮಿನಾ ಸತ್ತವನನ್ನು ಕರೆಯುವ ಅಳುಹಾಡನ್ನು ಶುರುಮಾಡಿದಳು: ಏಳು ಅಣ್ಣಾ, ಬಾಗಿಲಿಗೆ ಬಂದಿದ್ದೇವೆ, ಬಿಳಿ ಅಂಗಿ ತಂದಿದ್ದೇವೆ. ಝೀಸಿಸ್ ಗುದ್ದಲಿ ಬಿಟ್ಟು ಕರಣೆ ಹಿಡಿದ. ಕೊಳೆತ ಹಲಗೆಯ ಚೂರುಗಳು ಬಂದವು. ಆಮೇಲೆ ಕರಣೆಗೆ ಬಟ್ಟೆ ಸಿಕ್ಕಿತು, ಮತ್ತು ಹಾಡು ನಿಂತಿತು.

“ಕೋಟು ಹಾಗೇ ಇದೆಯಲ್ಲೇ,” ಎಂದು ಯಾರೋ ಉಸಿರಿದರು.

ನೀಲಿ ಕೋಟು. ಮಣ್ಣು ಒರೆಸಿದಲ್ಲೆಲ್ಲ ಬಣ್ಣ ಮಾಸದೆ ಹೊಳೆಯಿತು. ಎದೆಯ ಭಾಗ ಉಬ್ಬಿತ್ತು, ಒಳಗೆ ಯಾರೋ ಉಸಿರು ಹಿಡಿದು ಮಲಗಿದ ಹಾಗೆ. ಸತ್ತವನಿಗೆ ಹಳೆಯ ಉಣ್ಣೆಯ ಕೋಟು ಸಾಕು, ಬೇಗ ಹೋಗುತ್ತದೆ ಎಂದು ಲೆಮೊನಿಯಾ ಅಂದು ಹೇಳಿದ್ದಳು. ಅಣ್ಣ ಭಿಕಾರಿಯೇ ಎಂದು ಅಸಿಮಿನಾ ಲಾರಿಸ್ಸಾ ಪೇಟೆಯ ಈ ನೈಲಾನ್ ಮಿಶ್ರದ ಕೋಟು ತಂದಿದ್ದಳು, ಜನರೆದುರು ಲೆಮೊನಿಯಾ ಒಪ್ಪಿಕೊಂಡಿದ್ದಳು. ಈಗ ಅದು ಎಲ್ಲ ಗುಂಡಿಗಳನ್ನೂ ಹಾಕಿಕೊಂಡು, ಭಾನುವಾರದ ಪೂಜೆಗೆ ಹೊರಟವನಂತೆ ಅಚ್ಚುಕಟ್ಟಾಗಿ ಮಲಗಿತ್ತು. ಪಾದ್ರಿ ಎದ್ದು ನಿಂತರು. ಕರಗಿಲ್ಲ, ಎಂದುಕೊಂಡಳು ಲೆಮೊನಿಯಾ. ಕರಗಿಲ್ಲ, ಕೋಟಿನೊಳಗೆ ಇಡಿಯಾಗಿ ಇದ್ದಾನೆ, ಕಣ್ಣು ಬಿಟ್ಟು ಎಲ್ಲರೆದುರು ನನ್ನ ಕಡೆ ಬೆರಳು ತೋರಿಸುತ್ತಾನೆ. ಓಡಬೇಕೆನಿಸಿತು, ಆದರೆ ಥೆಯಾನೋಳ ಕೈ ತೋಳ ಮೇಲಿತ್ತು. ಮೂತ್ರ ಒತ್ತರಿಸಿ ಬಂದು, ಈಗ ಇಲ್ಲಿ ಅದೊಂದು ಆಗದಿರಲಿ ಎಂದು ತೊಡೆಗಳನ್ನು ಬಿಗಿ ಹಿಡಿದಳು. ಝೀಸಿಸ್ ಮೊದಲ ಗುಂಡಿ ಬಿಚ್ಚಿದ. ಎರಡನೆಯದು ದಾರ ಹಿಡಿದು ಬರಲೊಲ್ಲದು. ಚಾಕು ಕೇಳಿ, ಕತ್ತರಿಸಿದ. ಕೋಟಿನ ಎರಡು ಪಕ್ಕಗಳನ್ನು ಕಿಟಕಿಯ ಬಾಗಿಲುಗಳಂತೆ ತೆರೆದ.

“ಮೇಣ,” ಎಂದ.

ಮಣ್ಣು, ಬೇರು, ಅದರ ನಡುವೆ ಪಕ್ಕೆಲುಬುಗಳು. ಶುದ್ಧವಾದ ಜೇನುಮೇಣದ ಬಣ್ಣ. ಹೆಂಗಸರಿಂದ ಒಂದೇ ನಿಟ್ಟುಸಿರು ಹೊರಟು, ತಕ್ಷಣ ಎಲ್ಲರ ಬಾಯಿಯೂ ಬಿಚ್ಚಿತು.

“ನೋಡ್ರೇ, ಹೆಂಗೆ ಹೊಳೀತಿದೆ.”

“ಸಂತರ ಎಲುಬು ಕಣ್ರೇ ಇದು. ನಮ್ಮ ಮಾವನದ್ದು ಹೀಗಿರಲಿಲ್ಲ, ಬೂದಿ ಬಣ್ಣ.”

“ನಿಮ್ಮ ಮಾವನದ್ದು ಹಾಗಿರದೆ ಹೇಗಿರುತ್ತೆ ಬಿಡು, ತೂಕದಲ್ಲಿ ಮೋಸ ಮಾಡ್ತಿದ್ದ.”

ಅಸಿಮಿನಾ ಗುಂಡಿಯೊಳಗೆ ಬಾಗಿ ಬುರುಡೆಯನ್ನು ಎರಡೂ ಕೈಯಲ್ಲಿ ಎತ್ತಿ, ಹಣೆಗೆ ಮುತ್ತಿಟ್ಟು, ಜೋರಾಗಿ ಅತ್ತಳು. ಥೆಯಾನೋ ಲೆಮೊನಿಯಾಳ ಕಿವಿಗೆ ಬಾಗಿದಳು. “ನೋಡಿದ್ಯಾ? ನಿನ್ನ ಬಾಯಿಮಾತು ತಟ್ಟಲಿಲ್ಲ. ಒಳ್ಳೆ ಮನುಷ್ಯನಿಗೆ ಯಾವ ಶಾಪವೂ ತಟ್ಟಲ್ಲ. ದೇವರು ನಿನ್ನನ್ನೂ ಕಾಪಾಡಿದ ಕಣೇ.”

ತನಗಾದದ್ದು ಸಂತೋಷವೆಂದು ಲೆಮೊನಿಯಾಳಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅಂಥ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಬೀದಿಯಲ್ಲಿ ಹಿಂದಿರುಗಬಹುದು. ಅಂಗಡಿಗೆ ಹೋಗಬಹುದು. ಬುರುಡೆ ಕೈಯಿಂದ ಕೈಗೆ ಬಂದು ಅವಳೆದುರು ನಿಂತಾಗ, ಅಭ್ಯಾಸವಾದ ತುಟಿ ತಾನಾಗಿ ಮುಂದೆ ಹೋಗಿ ಮುತ್ತಿಟ್ಟಿತು. ತಣ್ಣಗೆ, ಒಗರಾಗಿ, ತೊಳೆಯದ ಬಟ್ಟಲಿನಂತಿತ್ತು. ಆಗ ಸಂತೋಷದ ಬೆನ್ನಿಗೇ ಬರುತ್ತಿದ್ದದ್ದು ಬಂದು ಮುಟ್ಟಿತು. ಒಳ್ಳೆ ಮನುಷ್ಯ. ಇನ್ನು ಇದು ಸಾಕ್ಷಿ ಸಮೇತ ನಿಂತ ಮಾತು. ಅವಳು ಪ್ರತಿ ಶನಿವಾರ ಮಂಡಿಯೂರಿ ಬೇಡಿ ಬೇಡಿ ಈ ಸಾಕ್ಷಿಯನ್ನು ಬೆಳ್ಳಗೆ ಮಾಡಿಕೊಟ್ಟಿದ್ದಳು.

ಬೇಸಿನ್ನಿಗೆ ದ್ರಾಕ್ಷಾರಸ ಸುರಿದರು. ಕೆಂಪೋ ಬಿಳಿಯೋ ಯಾರೂ ಗಮನಿಸಲಿಲ್ಲ. ಹೆಂಡತಿ ತೊಳೆಯಬೇಕು. ಝೀಸಿಸ್ ಗುಂಡಿಯೊಳಗಿಂದ ಒಂದೊಂದಾಗಿ ಕೊಡುತ್ತ ಹೋದ, ಅವಳು ಅದ್ದಿ, ಉಜ್ಜಿ, ಬಿಳಿ ಬಟ್ಟೆಯ ಮೇಲಿಟ್ಟಳು. ತೊಡೆ. ಬೆನ್ನಿನ ಹುರಿ, ಮಣಿಗಳಂತೆ. ಆಮೇಲೆ ಅವನು ಒಂದು ಹಿಡಿ ಚಿಕ್ಕ ಎಲುಬುಗಳನ್ನು ಅವಳ ಬೊಗಸೆಗೆ ಸುರಿದ. ಹುರಿಗಡಲೆಯಷ್ಟು ಹಗುರ.

“ಇದೇನು ಝೀಸಿಸ್?”

“ಬಲಗೈ ಅಮ್ಮ. ಬೆರಳು, ಅಂಗೈ. ಉದುರಿಸಬೇಡಿ, ಸಣ್ಣವು.”

ದಬ್ಬಳ ಹಿಡಿದು ದಪ್ಪ ಚರ್ಮ ತೂರಿಸುತ್ತಿದ್ದ ಕೈ. ಸ್ತೋತ್ರದ ಲಯಕ್ಕೆ ಗಾಳಿಯಲ್ಲಿ ಮೆಲ್ಲನೆ ಏರಿಳಿಯುತ್ತಿದ್ದ ಕೈ. ಬೊಗಸೆಯಲ್ಲಿ ಅಲುಗಿಸಿದಳು, ಕಿಣಿಕಿಣಿ ಎಂದಿತು. ಇಷ್ಟೇನೇ? ಇದಕ್ಕೇ?

“ಇದೇ ಕೈ,” ಎಂದಳು. ಧ್ವನಿ ತನ್ನದಲ್ಲವೆಂಬಷ್ಟು ನಿಧಾನವಾಗಿತ್ತು. “ನನ್ನ ಮಣಿಕಟ್ಟು ಮುರಿದದ್ದು ಇದೇ. ಅಕ್ರೋಟು ಮರದಿಂದ ಬಿದ್ದೆ ಅಂತ ಡಾಕ್ಟರಿಗೆ ಹೇಳಿದ್ದೆ. ನಿಮಗೆಲ್ಲಾನೂ ಹಾಗೇ ಹೇಳಿದ್ದೆ. ನಾನು ಮರ ಹತ್ತಿರಲಿಲ್ಲ.”

“ಅತ್ತಿಗೆ,” ಅಸಿಮಿನಾ ಮೆಲ್ಲಗೆ ಎಂದಳು, “ಬಿಸಿಲಿಗೆ ತಲೆ ತಿರುಗ್ತಿದೆ ನಿಮಗೆ.”

“ತಿರುಗ್ತಿಲ್ಲ. ನಿಮ್ಮಮ್ಮನ ಎಲುಬು ತೊಳೆದ ದಿನ ನನ್ನ ಕಣ್ಣು ಊದಿಸಿದ್ದೂ ಇದೇ ಕೈ. ಒಳ್ಳೆ ಮನುಷ್ಯ ಅಲ್ಲ ಇವನು. ಎಲುಬು ಏನಾದ್ರೂ ಹೇಳಲಿ.”

ಆಡಿಯಾಯಿತು. ಇಡೀ ಬದುಕು ಯಾವುದು ಬಿದ್ದೀತೆಂದು ಹೆಗಲು ಕುಗ್ಗಿಸಿಕೊಂಡು ನಡೆದಿದ್ದಳೋ ಅದು ಈಗ ಬೀಳಬೇಕಿತ್ತು. ಅವಳು ಕಾದಳು. ಯಾರೋ ತಲೆವಸ್ತ್ರ ಸರಿಮಾಡಿಕೊಂಡರು. ಒಬ್ಬಳು ಕೆಮ್ಮಿದಳು.

“ಗೊತ್ತು ಕಣೇ,” ಎಂದಳು ಥೆಯಾನೋ.

ಲೆಮೊನಿಯಾ ತಿರುಗಿದಳು.

“ಯಾರಿಗೆ ಗೊತ್ತಿಲ್ಲ? ಅವನು ರೇಡಿಯೋ ಜೋರು ಮಾಡಿದಾಗೆಲ್ಲ ನಾನು ಎದ್ದು ನಮ್ಮ ಕಿಟಕಿ ಹಾಕಿಬಿಡ್ತಿದ್ದೆ. ನಿನಗೆ ಮುಜುಗರ ಆಗಬಾರದು ಅಂತ.”

“ಒಬ್ಬರ ಹತ್ರಾನೂ ಆಡ್ಕೊಂಡಿಲ್ಲ ತಾಯಿ ನಾವು,” ಎಂದಳು ಇನ್ನೊಬ್ಬಳು, ಸ್ವಲ್ಪ ನೊಂದವಳಂತೆ. “ಇಷ್ಟು ವರ್ಷದಲ್ಲಿ ನಿನ್ನ ಕಿವಿಗೆ ಒಂದು ಮಾತು ಬಿದ್ದಿದ್ಯಾ ಹೇಳು? ನಿನ್ನ ಮರ್ಯಾದೆ ಕಾಪಾಡಿದ್ದೀವಿ.”

“ಹೋದವನು ಹೋದ,” ಎಂದರು ಪಾದ್ರಿ. ಅವರ ದನಿಯಲ್ಲಿ ಕರುಣೆಯಿತ್ತು, ಆತುರವೂ ಇತ್ತು. “ಎಲುಬು ನೋಡಿದ್ರಲ್ಲ. ದೇವರೇ ಕ್ಷಮಿಸಿದ ಮೇಲೆ ನಾವು ಯಾರಮ್ಮ?”

“ದೇವರ ಮಣಿಕಟ್ಟೇನೂ ಮುರಿದಿರಲಿಲ್ವಲ್ಲ ಸ್ವಾಮಿ.”

ಅದಕ್ಕೂ ಯಾರೂ ಸಿಡಿಮಿಡಿಗೊಳ್ಳಲಿಲ್ಲ. ಪಾಪ, ದುಃಖ, ಎಂದು ಯಾರೋ ಪಿಸುಗುಟ್ಟಿದರು, ಉಳಿದವರು ತಲೆಯಾಡಿಸಿದರು. ಅವಳನ್ನು ಕ್ಷಮಿಸಿಬಿಟ್ಟಿದ್ದರು. ಅವಳು ಒಳಗಿನಿಂದ ಅದುಮಿ ಹಿಡಿದ ಸದ್ದನ್ನು ಇವರು ಹೊರಗಿನಿಂದ ಅದುಮಿ ಹಿಡಿದಿದ್ದರು. ಒಂದೇ ಕೆಲಸಕ್ಕೆ ಎರಡು ಕಡೆಯಿಂದ ಕೈಹಾಕಿ, ಒಬ್ಬರಿಗೊಬ್ಬರು ಹೇಳಿಕೊಳ್ಳದೆ ದುಡಿದಿದ್ದರು. ಇವರ ತೀರ್ಪಿಗೆ ಅಂಜಿ ಅವಳು ಮುದುಕಿಯಾದಳು, ಆದರೆ ಇವರು ಆ ತೀರ್ಪನ್ನು ಎಂದೋ ಕೊಟ್ಟು, ಅವಳು ಸುಮ್ಮನಿದ್ದರೆ ಸಾಕೆಂದು ಬರೆದು, ಮಡಚಿಟ್ಟಿದ್ದರು. ಭಯ ಇರುತ್ತಿದ್ದ ಜಾಗವನ್ನು ಅವಳು ಒಳಗೆ ತಡವಿ ನೋಡಿದಳು. ಖಾಲಿ. ಇಷ್ಟು ವರ್ಷದ ಬಾಡಿಗೆದಾರ ಹೇಳದೆ ಕೇಳದೆ ಹೊರಟುಹೋದ ಕೋಣೆಯಂತೆ ಖಾಲಿ, ಮತ್ತು ಅಲ್ಲಿ ಇಡಲು ಅವಳ ಬಳಿ ಏನೂ ಉಳಿದಿರಲಿಲ್ಲ.

ಬೊಗಸೆಯಲ್ಲಿದ್ದದ್ದನ್ನು ಥೆಯಾನೋಳ ಮಡಿಲಿಗೆ ಹಾಕಿದಳು. “ನೀವೇ ತೊಳೀರಿ.”

“ಅಯ್ಯೋ, ನಾನು ತೊಳೆಯೋದು ಹೇಗೆ? ನೀನು ಹೆಂಡತಿ.”

“ನಿಮಗೂ ಅಷ್ಟೇ ಗೊತ್ತಿತ್ತಲ್ಲ ಅಕ್ಕ. ತೊಳೀರಿ.”

ಪಕ್ಕದ ಸಮಾಧಿಯ ಅಂಚಿನ ಮೇಲೆ ಕುಳಿತಳು. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಅಸಿಮಿನಾಳ ಬುಟ್ಟಿ ಕೈಗೆಟಕುವಷ್ಟು ದೂರದಲ್ಲಿತ್ತು. ಮುಚ್ಚಿದ ಬಟ್ಟೆ ಸರಿಸಿ ರೊಟ್ಟಿ ಮುರಿದಳು. ದ್ರಾಕ್ಷಾರಸದ ಒದ್ದೆ ಬೆರಳು ರೊಟ್ಟಿಗೆ ಅಂಟಿತು. ಹೆಂಗಸರು ಈಗ ನೇರವಾಗಿ ನೋಡಿದರು. ಮಣಿಕಟ್ಟಿನ ಸುದ್ದಿಗೆ ಬಾರದ ಸದ್ದು ಈಗ ಅವರ ಗಂಟಲಿಂದ ಬಂತು. ಥೆಯಾನೋ ಉಡುಪಿನ ಮಡಿಲನ್ನು ಎತ್ತಿ ಹಿಡಿದು, ಕೆಳಗಿಡಲೂ ಆಗದೆ ಇಟ್ಟುಕೊಳ್ಳಲೂ ಆಗದೆ ನಿಂತಿದ್ದಳು.

“ಅತ್ತಿಗೆ,” ಅಸಿಮಿನಾ ಹಲ್ಲು ಕಚ್ಚಿ ಎಂದಳು. “ಜನ ನೋಡ್ತಿದ್ದಾರೆ.”

“ನೋಡಲಿ. ಅದಕ್ಕೇ ಬಂದಿದ್ದಾರೆ.”

ಪಾದ್ರಿ ಪುಸ್ತಕ ತೆರೆದು, ಮುಚ್ಚಿ, ಮತ್ತೆ ತೆರೆದರು. “ಲೆಮೊನಿಯಾ, ಪ್ರಾರ್ಥನೆಗೆ ಹೆಂಡತಿ ಎದ್ದು ನಿಲ್ಲಬೇಕಮ್ಮ.”

ಅವಳು ಒಂದು ಆಲಿವ್ ಕಾಯನ್ನು ಬಾಯಿಗೆ ಹಾಕಿ, ನಿಧಾನವಾಗಿ ಅಗಿದು, ಬೀಜವನ್ನು ಅಂಗೈಗೆ ಉಗಿದಳು.

“ಶುರು ಮಾಡಿ ಸ್ವಾಮಿ, ನಾನು ಇಲ್ಲೇ ಕೂತಿರ್ತೀನಿ,” ಎಂದು ಚೀಸಿನ ತುಂಡೊಂದನ್ನು ಕಚ್ಚಿದಳು. ಎಲ್ಲರೂ ಕಾಯುತ್ತಿದ್ದರು. ನುಂಗಿದ ಮೇಲೆ ನಾದಿನಿಯ ಮುಖ ನೋಡಿದಳು. “ಚೀಸು ಮನೇದೇನಾ ಅಸಿಮಿನಾ? ಉಪ್ಪು ಸಾಲದು.”